ಒಂದೇ ರೂಟಿನ ಇಬ್ಬರು

ಆಗಸ್ಟ್ ಬಂತೆಂದರೆ ಡೆಟ್ರಾಯ್ಟ್ ಸುತ್ತಮುತ್ತಲಿನ ಗಂಡಸರಿಗೆ ಒಂದು ಕಾಯಿಲೆ ಹತ್ತಿಕೊಳ್ಳುತ್ತದೆ. ಈ ವರ್ಷ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಉದ್ಧಾರವಾಗುತ್ತದೆ ಅನ್ನುವ ಕಾಯಿಲೆ. ಪಂದ್ಯಗಳು ಶುರುವಾಗುವುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಚೆಂಡು ಎಸೆಯುವವನು ಯಾರು, ಓಡಿಹೋಗಿ ಹಿಡಿಯುವ ರಿಸೀವರುಗಳು ಯಾರು, ಈ ಸಲ ಚೆಂಡನ್ನು ಗಾಳಿಯಲ್ಲಿ ಆಡಿಸಬೇಕೋ ಹೊತ್ತುಕೊಂಡು ಓಡಬೇಕೋ ಎಂದು ಗಂಟಲು ಹರಿಯುವ ಹಾಗೆ ವಾದ. ಅಕ್ಟೋಬರಿನ ಹೊತ್ತಿಗೆ ಕಾಯಿಲೆ ಬಿಡುತ್ತದೆ. ತಂಡವೇ ಮುಂದೆ ನಿಂತು ಬಿಡಿಸುತ್ತದೆ. ನಾನು ಈ ವಾದಕ್ಕೆ ಬಿದ್ದದ್ದು ಆಟದ ಪ್ರೀತಿಗಲ್ಲ, ಹೊಟ್ಟೆಪಾಡಿಗೆ. ಹಾಗೆ ಬಿದ್ದು ಒಬ್ಬ ಸ್ನೇಹಿತರ ಹೊಟ್ಟೆಯ ಮೇಲೆ ಹೊಡೆದೆ. ಬರೆದರೆ ಮನಸ್ಸು ಹಗುರಾಗುತ್ತದೆ ಅಂತ ಹೇಳುವವರಿದ್ದಾರೆ. ನನಗೆ ಆ ನಂಬಿಕೆ ಇಲ್ಲ, ಆದರೂ ಬರೆಯುತ್ತೇನೆ.

ನಮ್ಮ ಆಫೀಸು ಸೌತ್‌ಫೀಲ್ಡಿನ ಒಂದು ಗಾಜಿನ ಕಟ್ಟಡದ ಒಂಬತ್ತನೇ ಮಹಡಿಯಲ್ಲಿತ್ತು. ಕಾರಿನ ಬಿಡಿಭಾಗಗಳ ಆರ್ಡರು ತೆಗೆದುಕೊಳ್ಳುವ ಒಂದು ಹಳೆಯ ಪ್ರೋಗ್ರಾಮು, ಅದು ಕೆಟ್ಟಾಗಲೆಲ್ಲ ರಿಪೇರಿ ಮಾಡುವ ಕೆಲಸ. ಮಾಡುತ್ತಿದ್ದವರು ಇಬ್ಬರು: ಮೈಸೂರಿನ ನಾನು, ವಿಜಾಪುರದ ಅವರು. ಇಬ್ಬರೂ ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸದ ವೀಸಾದ ಮೇಲೆ ಬಂದವರು. ಇಬ್ಬರ ಗ್ರೀನ್ ಕಾರ್ಡ್ ಫೈಲೂ ಕಂಪನಿಯ ವಕೀಲರ ಬಳಿ ಒಂದರ ಮೇಲೊಂದು ಕೂತಿತ್ತು. ಕೆಲಸ ಹೋದರೆ ವೀಸಾ ಹೋಯಿತು, ಫೈಲು ಕಸದಬುಟ್ಟಿಗೆ, ಇನ್ನೊಂದು ಕಂಪನಿ ಸಿಕ್ಕರೂ ಮತ್ತೆ ಮೊದಲಿನಿಂದ ಶುರು. ಈ ಹೆದರಿಕೆ ಬೆಳಿಗ್ಗೆ ಹಲ್ಲುಜ್ಜುವಾಗಲೂ ಬಾಯಲ್ಲಿ ಇರುತ್ತಿತ್ತು.

ಇಬ್ಬರ ಮನೆಯೂ ಕ್ಯಾಂಟನ್‌ನಲ್ಲೇ, ಬೇರೆ ಬೇರೆ ಬಡಾವಣೆ. ಬೆಳಿಗ್ಗೆ ಏಳು ಗಂಟೆಗೆ ಇಂಡಿಯನ್ ಸ್ಟೋರಿನ ಪಾರ್ಕಿಂಗ್ ಲಾಟಿನಲ್ಲಿ ಸೇರಿ, ಒಂದು ಕಾರು ಅಲ್ಲೇ ಬಿಟ್ಟು, ಇನ್ನೊಂದರಲ್ಲಿ ಇಬ್ಬರೂ ಹೊರಡುತ್ತಿದ್ದೆವು. ಒಂದು ವಾರ ಅವರ ಕಾರು, ಒಂದು ವಾರ ನನ್ನದು. ಇನ್ನೂರ ಎಪ್ಪತ್ತೈದನೇ ನಂಬರಿನ ಹೈವೇಯಲ್ಲಿ ಉತ್ತರಕ್ಕೆ ಹೋಗಿ ಆರುನೂರ ತೊಂಬತ್ತಾರು ಹಿಡಿಯಬೇಕು, ಒಟ್ಟು ಇಪ್ಪತ್ತೈದು ಮೈಲಿ. ಆ ಇಪ್ಪತ್ತೈದು ಮೈಲಿಯಲ್ಲಿ ಅವರು ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ.

ಮಾತೆಲ್ಲ ಫುಟ್‌ಬಾಲೇ. ಕಾಲೇಜಿನಲ್ಲಿ ವಿಕೆಟ್ ಕೀಪರ್ ಆಗಿದ್ದ ಮನುಷ್ಯ, ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಹೊರಗೆ ಹೋಗಲಾರದೆ ಟೀವಿ ಮುಂದೆ ಕೂತು ಈ ಆಟದ ಹುಚ್ಚು ಹಿಡಿಸಿಕೊಂಡಿದ್ದರು. ಭಾನುವಾರದ ಪಂದ್ಯವನ್ನು ಟೇಪಿಗೆ ಹಾಕಿಕೊಂಡು, ಹಿಂದಕ್ಕೆ ಮುಂದಕ್ಕೆ ತಿರುಗಿಸಿ ನೋಡುತ್ತಿದ್ದರು. ಕಾರಿನಲ್ಲಿ ಕೂತು ನನಗೆ ಪಾಠ.

“ಚೆಂಡು ನೋಡಬ್ಯಾಡ್ರಿ ಸರ. ಚೆಂಡು ಎಲ್ಲಾರೂ ನೋಡ್ತಾರ. ಚೆಂಡ ಇಲ್ಲದವರನ್ನ ನೋಡ್ರಿ. ಆಟ ಅಲ್ಲಿ ಐತಿ.”

ನನಗೆ ಆಗ ಚೆಂಡೂ ಕಾಣುತ್ತಿರಲಿಲ್ಲ, ಚೆಂಡಿಲ್ಲದವರೂ ಕಾಣುತ್ತಿರಲಿಲ್ಲ. ಹೆಲ್ಮೆಟ್ಟು ಹಾಕಿಕೊಂಡ ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬೀಳುವುದು ಮಾತ್ರ ಕಾಣುತ್ತಿತ್ತು. ಆದರೆ ಅವರು ಹೇಳುವುದನ್ನು ಕೇಳುತ್ತ ಕೇಳುತ್ತ ರಿಸೀವರ್ ಓಡುವ ದಾರಿಗೆ ರೂಟ್ ಅನ್ನುತ್ತಾರೆ, ಪ್ರತಿ ರೂಟನ್ನೂ ಮೊದಲೇ ಗೆರೆ ಹಾಕಿ ಇಟ್ಟಿರುತ್ತಾರೆ, ಎಸೆಯುವವನು ಮನುಷ್ಯ ಬರುವ ಮುಂಚೆಯೇ ಜಾಗ ನೋಡಿ ಎಸೆಯುತ್ತಾನೆ ಎಂಬುದೆಲ್ಲ ತಲೆಗೆ ಹೋಯಿತು. ಸ್ಟೋರಿನ ರಸೀದಿಯ ಹಿಂದೆ ಅವರು ಬರೆದ ಗೆರೆಗಳು ನನ್ನ ಕಾರಿನ ತುಂಬ ಬಿದ್ದಿರುತ್ತಿದ್ದವು. ನನ್ನ ಹೆಂಡತಿ ಅದನ್ನು ರಂಗೋಲಿ ಎಂದು ಆಡಿಕೊಳ್ಳುತ್ತಿದ್ದಳು.

ಇಷ್ಟು ಮಾತಾಡುವ ಮನುಷ್ಯ ಆಫೀಸಿನ ಲಿಫ್ಟು ಹತ್ತಿದ ತಕ್ಷಣ ಬಾಯಿಗೆ ಬೀಗ. ಪ್ರಿಂಟರಿನ ಪಕ್ಕದ ಕಂಬದ ಹಿಂದೆ, ಮೋಟು ಗೋಡೆಗಳ ನಡುವೆ ಅವರ ಕ್ಯೂಬು. ಬೆಳಿಗ್ಗೆ ಹೋಗಿ ಕೂತರೆ ಸಂಜೆ ಎದ್ದು ಬರುವುದು. ಮೀಟಿಂಗಿನಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. “ಕೇಳಲಾರದ ಹೇಳಿದ್ರ ಮಾತಿಗೆ ಬೆಲಿ ಇರಂಗಿಲ್ರಿ,” ಅಂದರು. ಊರಲ್ಲಿ ದೊಡ್ಡವರ ಮುಂದೆ ಹಾಗೆ ಬೆಳೆದವರು. ನಾನೂ ಹಾಗೆಯೇ ಬೆಳೆದವನು. ನಾನು ಬೇಗ ಬಿಟ್ಟುಬಿಟ್ಟೆ, ಅವರು ಬಿಡಲಿಲ್ಲ.

ನಮ್ಮ ಮ್ಯಾನೇಜರ್ ಈ ಮಣ್ಣಿನವನು. ಅವನಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಪಂದ್ಯಕ್ಕೆ ಕರೆದೊಯ್ಯುತ್ತಿದ್ದನಂತೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇದನ್ನು ಬರೆಯುವುದು ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಆಗಸ್ಟಿನ ಗುರುವಾರಗಳಲ್ಲಿ ಅವನು ಏಳೆಂಟು ಜನರನ್ನು ಕಟ್ಟಿಕೊಂಡು ರಸ್ತೆಯಾಚೆಯ ಸ್ಪೋರ್ಟ್ಸ್ ಬಾರಿಗೆ ಊಟಕ್ಕೆ ಹೋಗುತ್ತಿದ್ದ. ಅಲ್ಲಿ ಒಂದು ಗಂಟೆ ತಂಡದ ಚರ್ಚೆ. ಯಾರನ್ನೂ ಬರಬೇಡ ಅನ್ನುತ್ತಿರಲಿಲ್ಲ. ಆದರೆ ಆ ಮೇಜಿಗೆ ಹೋದವರ ಹೆಸರು ಅವನ ನೆನಪಿನಲ್ಲಿ ಇರುತ್ತದೆ, ಹೋಗದವರ ಹೆಸರು ಇರುವುದಿಲ್ಲ ಎಂದು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

“ನೀವೂ ಬನ್ರೀ, ಅಲ್ಲಿ ಮಾತಾಡೋರ್ಗಿಂತ ನಿಮಗೇ ಜಾಸ್ತಿ ಗೊತ್ತು,” ಅಂದೆ ಅವರಿಗೆ.

“ಬ್ಯಾಡ್ರಿ ಸರ. ಬೀರು, ಹಂದಿ. ನಾ ಅಲ್ಲಿ ಬರೇ ನೀರ ಕುಡಕೋತ ಕುಂತ್ರ ಯಾಕ ತಿನ್ನಂಗಿಲ್ಲ ಅಂತ ಎಲ್ಲಾರಿಗೂ ಹೇಳೂದ ಒಂದು ಡ್ಯೂಟಿ ಆಗ್ತೈತಿ. ನೀವ ಹೋಗಿ ಬರ್ರಿ. ಏನೇನಂದ್ರು, ಬರೂ ಮುಂದ ಕಾರಿನ್ಯಾಗ ಹೇಳ್ರಿ ಮತ್ತ.”

ನಾನು ಹೋದೆ. ಸೊಪ್ಪು ತರಕಾರಿ ತಿನ್ನುವವನಿಗೆ ಅಲ್ಲಿ ಸಿಗುತ್ತಿದ್ದದ್ದು ಆಲೂಗೆಡ್ಡೆಯ ಫ್ರೈಸು ಮತ್ತು ಕೋಕು. ಅವರು ಕಂಬದ ಹಿಂದೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಕೂತರು.

ಆ ವರ್ಷ ತಂಡದವರು ಹೊಸ ಆಟಗಾರರನ್ನು ಆರಿಸುವಾಗ ಮೊದಲನೆಯವನನ್ನಾಗಿ ಒಬ್ಬ ರಿಸೀವರನ್ನೇ ತೆಗೆದುಕೊಂಡಿದ್ದರು. ಮೇಜಿನವರಿಗೆಲ್ಲ ಸಂಭ್ರಮ. ಹಿಡಿಯುವ ಕೈ ಸಿಕ್ಕಿತು, ಇನ್ನು ಚೆಂಡು ಹಾರಿಸುವುದೇ ಎಂದು ಮ್ಯಾನೇಜರ್ ಕೋಳಿಯ ಮೂಳೆಯಲ್ಲಿ ಮೇಜಿನ ಮೇಲೆ ಗೆರೆ ಎಳೆದು ತೋರಿಸಿದ. ಆಮೇಲೆ ಸೌಜನ್ಯಕ್ಕೆ ನನ್ನ ಕಡೆ ತಿರುಗಿ, ನಿನಗೇನನ್ನಿಸುತ್ತದೆ ಎಂದು ಕೇಳಿದ. ನನಗೆ ಏನೂ ಅನ್ನಿಸಿರಲಿಲ್ಲ. ಆದರೆ ಅವತ್ತು ಬೆಳಿಗ್ಗೆ ಕಾರಿನಲ್ಲಿ ಕೇಳಿದ್ದು ಬಾಯಲ್ಲಿ ಸಿದ್ಧವಾಗಿತ್ತು.

“ಹಿಡಿಯುವವರು ಎಷ್ಟಿದ್ದರೇನು? ಎಸೆಯುವವನಿಗೆ ನಿಂತು ನೋಡಲು ಮೂರು ಸೆಕೆಂಡು ಬೇಕು. ಎದುರಾಳಿಗಳನ್ನು ತಡೆದು ಆ ಮೂರು ಸೆಕೆಂಡು ಕೊಡುವವರು ಮುಂದಿನ ಸಾಲಿನ ಐದು ಜನ. ಅವರಲ್ಲಿ ಇಬ್ಬರಿಗೆ ಕಾಲೇ ಏಳುವುದಿಲ್ಲ. ರಿಸೀವರ್ ಅರ್ಧ ದಾರಿ ಓಡುವುದರೊಳಗೆ ಎಸೆಯುವವನು ನೆಲದ ಮೇಲಿರುತ್ತಾನೆ.”

ಮೇಜಿನವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ನಗು, ಬೆನ್ನು ತಟ್ಟುವುದು, ಇವನು ಯಾವಾಗ ಇದನ್ನೆಲ್ಲ ಕಲಿತ ಎಂಬ ಉದ್ಗಾರ. ನನಗೆ ಹಿತವಾಯಿತು. ಸುಳ್ಳು ಹೇಳುವುದಿಲ್ಲ, ತುಂಬ ಹಿತವಾಯಿತು.

ಸಂಜೆ ಕಾರಿನಲ್ಲಿ ಅವರು ಸೀಟ್ ಬೆಲ್ಟ್ ಹಾಕುವ ಮೊದಲೇ ಕೇಳಿದರು. ಹೇಳಿದೆ. ಖುಷಿಯಿಂದ ತೊಡೆ ತಟ್ಟಿಕೊಂಡರು. ಐದು ಮೈಲಿ ಆದಮೇಲೆ, ಏನೋ ನೆನಪಾದವರಂತೆ, “ನನ್ನ ಹೆಸರು ಹೇಳಿದ್ರಿಲ್ಲ?” ಅಂದರು.

“ಹೂಂ, ಹೇಳ್ದೆ ಕಣ್ರೀ.”

ಅಷ್ಟೇ. ಕನ್ನಡಿ ನೋಡಿ ಲೇನ್ ಬದಲಿಸುತ್ತ ಹೇಳಿದ ಸುಳ್ಳು. ಮುಂದಿನ ವಾರ ಸರಿ ಮಾಡಿದರಾಯಿತು ಅಂದುಕೊಂಡೆ.

ಸೀಸನ್ ಶುರುವಾಗಿ ಮೂರು ವಾರಕ್ಕೆ ಎಸೆಯುವವನು ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡಿರುವುದೇ ಟೀವಿಯಲ್ಲಿ ಕಾಣುತ್ತಿತ್ತು. ಮ್ಯಾನೇಜರ್ ನನ್ನ ಕ್ಯೂಬಿಗೆ ಬಂದು ಗೋಡೆ ಬಡಿದು, “ನೀನು ಹೇಳಿದ್ದೆ!” ಅಂದ. ಅಂದಿನಿಂದ ನನಗೆ ‘ಕೋಚ್’ ಎಂದು ಹೆಸರಾಯಿತು. ಒಂದು ದಿನ ಲಿಫ್ಟಿನಲ್ಲಿ ಯಾರೋ ನನ್ನನ್ನು ಹಾಗೆ ಕರೆದಾಗ ಅವರೂ ಪಕ್ಕದಲ್ಲಿದ್ದರು. ಯಾಕ್ರಿ ಕೋಚು ಎಂದು ಕಾರಿನಲ್ಲಿ ಕೇಳಿದರು. ಸುಮ್ನೆ ತಮಾಷೆ ಕಣ್ರೀ, ಅಂದೆ. ಮುಂದಿನ ವಾರ ಅನ್ನುವುದು ಹೀಗೆ ವರ್ಷವಾಯಿತು.

ನಮ್ಮ ಆಫೀಸಿನಲ್ಲಿ ಜೂನ್ ತಿಂಗಳಲ್ಲಿ ಒಂದು ಫಾರಂ ತುಂಬಬೇಕಿತ್ತು. ವರ್ಷವಿಡೀ ನಾನು ಹೇಗೆ ಕೆಲಸ ಮಾಡಿದೆ ಎಂದು ನನಗೆ ನಾನೇ ಐದಕ್ಕೆ ಎಷ್ಟು ಎಂದು ಹಾಕಿಕೊಳ್ಳುವ ಫಾರಂ. ನಮ್ಮ ಕಡೆಯವನಿಗೆ ಇದರಷ್ಟು ಪೀಕಲಾಟದ ಕಾಗದ ಇನ್ನೊಂದಿಲ್ಲ. ಮೊದಮೊದಲು ನಾನು ಮೂರು ಹಾಕಿಕೊಂಡು ಹೋಗುತ್ತಿದ್ದೆ. ಮೂರು ಅಂದರೆ ಮರ್ಯಾದೆಯ ಮೂರು, ಮಿಕ್ಕಿದ್ದನ್ನು ದೊಡ್ಡವರು ನೋಡಿ ಸೇರಿಸಿಕೊಳ್ಳುತ್ತಾರೆ ಅನ್ನುವ ಲೆಕ್ಕ. ಯಾರೂ ಸೇರಿಸುವುದಿಲ್ಲ. ಇಲ್ಲಿ ಯಾರೂ ತನಗೆ ತಾನೇ ಮೂರು ಹಾಕಿಕೊಳ್ಳುವುದಿಲ್ಲ ಎಂದು ಗುರುವಾರದ ಮೇಜಿನ ಗೆಳೆಯನೊಬ್ಬ ಹಿಂದಿನ ಬೇಸಿಗೆಯಲ್ಲಿ ನನಗೆ ಹೇಳಿಕೊಟ್ಟಿದ್ದ.

ನಾನು ಕೋಚ್ ಆದ ಮರುವರ್ಷದ ಜೂನಿನಲ್ಲಿ ವಿಜಾಪುರದವರು ಕಾರಿನಲ್ಲೇ ತೊಡೆಯ ಮೇಲೆ ಫಾರಂ ಇಟ್ಟುಕೊಂಡು ತುಂಬಿದರು. ನಾನು ಓಡಿಸುತ್ತಿದ್ದೆ. ಎಲ್ಲದಕ್ಕೂ ಮೂರು. ನಾನೇ ಮೂರು ದಿನ ತಲೆ ಕೆರೆದುಕೊಂಡು ಬಿಟ್ಟಿದ್ದ ಒಂದು ದೋಷವನ್ನು ಅವರು ಒಂದು ಮಧ್ಯಾಹ್ನದಲ್ಲಿ ಕಂಡುಹಿಡಿದಿದ್ದರು. ಅದನ್ನೂ ಇಬ್ಬರೂ ಸೇರಿ ಮಾಡಿದೆವು ಎಂದು ಬರೆದರು.

“ನಮ್ಮ ಬೆನ್ನು ನಾವ ತಟಗೊಳ್ಳೂದ ಹೆಂಗ್ರಿ?” ಎಂದು ನಕ್ಕರು.

ಐದು ಹಾಕ್ರೀ ಎಂದು ಹೇಳಬಹುದಿತ್ತು. ಒಂದು ಮಾತು. ನಾನು ಹೇಳಲಿಲ್ಲ. ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಾರೆ ಎಂಬ ಗಾಳಿಸುದ್ದಿ ಮೇಜಿನ ಗೆಳೆಯರಿಂದ ಆಗಲೇ ನನ್ನ ಕಿವಿಗೆ ಬಿದ್ದಿತ್ತು. ಒಂದು ಪ್ರೋಗ್ರಾಮಿಗೆ ಇಬ್ಬರು ಯಾಕೆ ಅನ್ನುವ ಪ್ರಶ್ನೆ ಯಾವತ್ತಾದರೂ ಏಳುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಫಾರಮ್ಮು ಬ್ಯಾಗಿನಲ್ಲಿತ್ತು. ಅದರಲ್ಲಿ ಐದು, ಐದು, ನಾಲ್ಕು, ಐದು.

ಆ ಆಗಸ್ಟಿನಲ್ಲಿ ಚರ್ಚೆ ಇನ್ನೂ ಜೋರು. ತಂಡದವರು ಮತ್ತೆ ಒಬ್ಬ ರಿಸೀವರನ್ನೇ ತಂದಿದ್ದರು. ಹಳಬ, ಹೊಸಬ ಇಬ್ಬರನ್ನೂ ಮೈದಾನಕ್ಕಿಳಿಸಿದರೆ ತಡೆಯುವವರು ಯಾರು ಎಂದು ರೇಡಿಯೋದವರು ಬೆಳಿಗ್ಗೆಯಿಂದ ಬಡಬಡಿಸುತ್ತಿದ್ದರು. ಕಾರಿನಲ್ಲಿ ಅವರು ರೇಡಿಯೋ ಆರಿಸಿ, ರಸೀದಿಯೊಂದರ ಮೇಲೆ ಎರಡು ಉದ್ದ ಗೆರೆ ಎಳೆದರು.

“ನೋಡ್ರಿ. ಇಂವಾ ಅಂಚಿನಗುಂಟ ಉದ್ದಕ ಓಡ್ತಾನ. ಅಂವನೂ ಅದನ್ನ ಮಾಡ್ತಾನ. ನಡುವ ಅಡ್ಡ ಓಡಿ, ಹೊಡತ ತಿಂದು ಸಣ್ಣ ಚೆಂಡು ಹಿಡಿಯೋರ ಇಲ್ಲ. ಹಿಂದ ಎದುರಿನವರ ಒಬ್ಬ ಕಾಯಾಂವ ನಿಂತ್ರ ಇಬ್ಬರನ್ನೂ ಕಾಯ್ತಾನ. ಒಂದ ರೂಟ್ ಓಡೋರು ಇಬ್ಬರಿದ್ರ ಒಬ್ಬಾಂವ ದಂಡ್ರಿ ಸರ. ಒಬ್ಬನ್ನ ಇಟಗೊಂಡು ಒಬ್ಬನ್ನ ಕಳಸಬೇಕು.”

ಒಳ್ಳೆಯ ಮಾತು ಎಂದು ನನಗೆ ಅಲ್ಲೇ ಗೊತ್ತಾಯಿತು. ಈ ಹೊತ್ತಿಗೆ ನನಗೆ ಅವರ ಮಾತುಗಳಲ್ಲಿ ಯಾವುದು ಮೇಜಿನ ಮೇಲೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಅಂತ ಆರಿಸುವಷ್ಟು ಜಾಣತನ ಬಂದಿತ್ತು. ಗುರುವಾರ ಅದನ್ನು ಇಂಗ್ಲಿಷಿನಲ್ಲಿ, ಫ್ರೈಸ್ ಎರಡನ್ನು ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟು, ನಾಟಕ ಮಾಡಿ ಹೇಳಿದೆ. ಒಂದೇ ರೂಟ್ ಓಡುವ ಇಬ್ಬರಿದ್ದರೆ ಒಬ್ಬ ದಂಡ. ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಎಲ್ಲರೂ ನಕ್ಕರು. ಮ್ಯಾನೇಜರ್ ನಗಲಿಲ್ಲ. ತಲೆಯಾಡಿಸಿ, “ಇದು ನಿಜ, ಕೋಚ್,” ಅಂದ.

ಅಕ್ಟೋಬರಿನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಅವನು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ. ಮೇಜಿನ ಮೇಲೆ ಎರಡು ಫಾರಂ ಅಕ್ಕಪಕ್ಕ ಇದ್ದವು. ಕೈಬರಹ ನೋಡಿಯೇ ಯಾವುದು ಯಾರದೆಂದು ತಿಳಿಯಿತು.

“ಮೇಲಿನವರು ಒಬ್ಬರನ್ನು ತೆಗೆಯಲು ಹೇಳಿದ್ದಾರೆ,” ಅಂದ. “ಸುಲಭದ ವಿಷಯವಲ್ಲ. ಆದರೆ ಆಗಸ್ಟಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಒಂದೇ ರೂಟಿನ ಮೇಲೆ ನಾನು ಇಬ್ಬರನ್ನು ಓಡಿಸುತ್ತಿದ್ದೇನೆ. ಇವನು ತನಗೇ ಮೂರು ಕೊಟ್ಟುಕೊಂಡಿದ್ದಾನೆ. ನೀನು ಇಡೀ ಮೈದಾನ ನೋಡುವವನು. ನೀನು ಇರುತ್ತೀಯ.”

ಆ ಮಾತು ನನ್ನದಲ್ಲ, ಅವರದು ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಇಡೀ ಮೈದಾನ ನೋಡುವವರು ಅವರು, ನಾನು ಪಕ್ಕದ ಸೀಟಿನಲ್ಲಿ ಕೂತು ಕೇಳಿದವನು, ಅಷ್ಟೇ. ಹೇಳಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಏನೂ ಆಗದೆಯೂ ಇರಬಹುದಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ವಕೀಲರ ಕಪಾಟಿನಲ್ಲಿದ್ದ ನನ್ನ ಫೈಲು. ನಾನು ತಲೆ ತಗ್ಗಿಸಿ, ತುಂಬ ಬೇಜಾರಾಗುತ್ತಿದೆ ಅಂದೆ. ಬೇಜಾರು ಆಗುತ್ತಲೂ ಇತ್ತು. ಅದಕ್ಕೆ ಯಾರೂ ಬೆಲೆ ಕಟ್ಟಬೇಕಾಗಿಲ್ಲ.

ಮಧ್ಯಾಹ್ನ ಅವರನ್ನು ಕರೆದರು. ಹತ್ತು ನಿಮಿಷದಲ್ಲಿ ಹೊರಗೆ ಬಂದು ಕಂಬದ ಹಿಂದಿದ್ದ ಸಾಮಾನನ್ನು ರಟ್ಟಿನ ಡಬ್ಬಿಗೆ ತುಂಬಿಕೊಂಡರು. ಆ ವಾರ ನನ್ನ ಕಾರು. ಕೆಲಸ ಕಳೆದುಕೊಂಡವರನ್ನು ಕರೆದುಕೊಂಡು ಹೋಗಬೇಕಾದವನು ನಾನೇ. ಎರಡು ಗಂಟೆಯ ಬಿಸಿಲಿನಲ್ಲಿ ಡಬ್ಬಿ ಹಿಂದಿನ ಸೀಟಿಗೆ ಇಟ್ಟೆ. ಒಳಗೆ ಊಟದ ಡಬ್ಬ ಹಾಗೇ ಇತ್ತು, ತೆಗೆದಿರಲಿಲ್ಲ.

ಅವತ್ತು ಅವರು ಫುಟ್‌ಬಾಲ್ ಮಾತಾಡಲಿಲ್ಲ. ಇನ್ನೂರ ಎಪ್ಪತ್ತೈದಕ್ಕೆ ಇಳಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

“ನನ್ನನ್ನ ಯಾಕ ತೆಗದ್ರು, ಸರ? ನಿಮಗೇನರ ಗೊತ್ತೈತೇನ್ರಿ?”

“ಗೊತ್ತಿಲ್ಲ ಕಣ್ರೀ,” ಅಂದೆ.

ಅವರು ಹೂಂ ಎಂದು ಕಿಟಕಿಯ ಕಡೆ ತಿರುಗಿದರು. ಇಂಡಿಯನ್ ಸ್ಟೋರಿನ ಮುಂದೆ ಇಳಿದು, ಡಬ್ಬಿ ತಮ್ಮ ಕಾರಿಗೆ ಸಾಗಿಸಿ, ಎಂದಿನಂತೆ ಕೈಯೆತ್ತಿ ಹೋದರು. ಮೂರು ವಾರದಲ್ಲಿ ಶಿಕಾಗೋ ಕಡೆಯ ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿ ಅವರ ವೀಸಾ ತನ್ನ ಹೆಸರಿಗೆ ಬದಲಿಸಿಕೊಂಡು ಕೆಲಸ ಕೊಟ್ಟಿತು. ಸಂಬಳ ಕಡಿಮೆ, ಗ್ರೀನ್ ಕಾರ್ಡ್ ಮತ್ತೆ ಸೊನ್ನೆಯಿಂದ. ಮನೆ ಖಾಲಿ ಮಾಡುವ ದಿನ ಪೆಟ್ಟಿಗೆ ಎತ್ತಲು ಹೋಗಿದ್ದೆ. ಅವರ ಹೆಂಡತಿ, ನಾನು ಭಾಭಿ ಅನ್ನುತ್ತಿದ್ದವರು, ನನಗೆಂದು ಬೇರೆ ಪಾತ್ರೆಯಲ್ಲಿ ಮೊಟ್ಟೆಯಿಲ್ಲದ ಕೇಕು ಮಾಡಿಟ್ಟಿದ್ದರು. ತಿಂದೆ.

ಅದಾದ ಮೇಲಿನ ನಾಲ್ಕು ವರ್ಷದಲ್ಲಿ ನನಗೆ ಗ್ರೀನ್ ಕಾರ್ಡ್ ಬಂತು. ಕೋಚ್ ಅನ್ನುವ ಹೆಸರೂ ಉಳಿಯಿತು, ಆದರೆ ಕೋಚನ ತಲೆ ಖಾಲಿ. ಮೊದಲ ಆಗಸ್ಟಿನಲ್ಲಿ ಅವರ ಹಳೆಯ ಮಾತುಗಳನ್ನೇ ಬಿಸಿ ಮಾಡಿ ಬಡಿಸಿದೆ. ಎರಡನೆಯದರಲ್ಲಿ ಪತ್ರಿಕೆ ಕೊಂಡು ಓದಿ ಬಾಯಿಪಾಠ ಮಾಡಿದೆ. ಅದನ್ನು ಮೇಜಿನ ಎಲ್ಲರೂ ಓದಿಕೊಂಡೇ ಬಂದಿದ್ದರು. “ನಿನ್ನ ಕೈಚಳಕ ಹೋಯಿತಲ್ಲ, ಕೋಚ್,” ಎಂದು ಮ್ಯಾನೇಜರ್ ನಗುತ್ತಲೇ ಹೇಳಿದ. ನಗುತ್ತ ಹೇಳಿದ ಮಾತುಗಳನ್ನು ಆ ಮನುಷ್ಯ ಮರೆಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾರ್ ಕಂಪನಿಗಳು ಒಂದೊಂದಾಗಿ ತತ್ತರಿಸುತ್ತಿದ್ದ ಕಾಲ. ಒಂಬತ್ತನೇ ಮಹಡಿಯಲ್ಲಿ ಅರ್ಧ ಕ್ಯೂಬುಗಳು ಖಾಲಿಯಾಗಿದ್ದವು.

ನಾಲ್ಕನೆಯ ಆಗಸ್ಟಿನ ಒಂದು ಶನಿವಾರ ನಾನು ಅವರಿದ್ದ ಸ್ಕೋಕಿಗೆ, ಶಿಕಾಗೋ ಪಕ್ಕದ ಊರಿಗೆ ಹೊರಟೆ. ಶಿಕಾಗೋದಲ್ಲಿ ಒಂದು ಕೆಲಸವಿದೆ, ಹಾಗೇ ಅವರನ್ನೂ ನೋಡಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿದೆ. ನನಗೆ ನಾನು ಹೇಳಿಕೊಂಡದ್ದು, ಎಲ್ಲ ಬಿಚ್ಚಿ ಹೇಳಿ ಕ್ಷಮೆ ಕೇಳುತ್ತೇನೆ ಅಂತ. ತೊಂಬತ್ತನಾಲ್ಕನೇ ಹೈವೇ ಮೇಲೆ ಇನ್ನೂರೆಂಬತ್ತು ಮೈಲಿ ಹೋಗುವಷ್ಟರಲ್ಲಿ ನಿಜ ಯಾವುದೆಂದು ನನಗೇ ಗೊತ್ತಾಗಿತ್ತು. ಮುಂದಿನ ಗುರುವಾರಕ್ಕೆ ನನಗೊಂದು ಮಾತು ಬೇಕಿತ್ತು.

ಎರಡನೇ ಮಹಡಿಯ ಅಪಾರ್ಟ್‌ಮೆಂಟು. ಮೆಟ್ಟಿಲು ಹತ್ತುವಾಗಲೇ ಅವರ ಗಂಟಲು ಕೇಳಿಸಿತು. ಮಗಳ ಜೊತೆ ಶಿಕಾಗೋ ತಂಡದ ರಿಸೀವರುಗಳ ವಿಷಯಕ್ಕೆ ಜಗಳ. ಅವಳು ಇಂಗ್ಲಿಷಿನಲ್ಲಿ ಚೀರುತ್ತಿದ್ದಳು, ಅವರು ವಿಜಾಪುರದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಬೆಲ್ ಒತ್ತಿದೆ. ಗಲಾಟೆ ನಿಂತಿತು.

ಅವರ ತಲೆ ಮುಂದೆ ಬೆಳ್ಳಗಾಗಿತ್ತು. ಒಳಗೆ ಕರೆದು ಕೂರಿಸಿ, ಮಗಳಿಗೆ “ಅಂಕಲ್‌ಗ ಸಲಾಂ ಹೇಳವಾ,” ಅಂದರು. ಭಾಭಿ ನನಗೆ ಬೇರೆ ಪಾತ್ರೆಯಲ್ಲಿ ಬದನೆಕಾಯಿ ಪಲ್ಯ ಮಾಡಿದ್ದರು. ಊಟವಾಯಿತು, ಊರಿನ ಮಾತಾಯಿತು. ಅವರ ಗ್ರೀನ್ ಕಾರ್ಡ್ ಫೈಲು ಇನ್ನೂ ಎರಡನೇ ಹಂತದಲ್ಲಿತ್ತು. ಫುಟ್‌ಬಾಲಿನ ಮಾತು ಬರಲಿಲ್ಲ. ಕೊನೆಗೆ ಚಹಾ ಬಂದಾಗ ನಾನೇ ನಾಚಿಕೆ ಬಿಟ್ಟೆ.

“ಈಗ ಯಾವ ತಂಡ? ಶಿಕಾಗೋದೇನಾ?”

“ಊರು ಬಿಟ್ರೂ ಟೀಮ್ ಬಿಡಂಗಿಲ್ರಿ. ನಮ್ದ ಡೆಟ್ರಾಯ್ಟ.”

“ಹಾಗಾದ್ರೆ ಈ ವರ್ಷ ಹೇಗನ್ಸತ್ತೆ ನಿಮಗೆ? ರಿಸೀವರ್‌ಗಳು?”

ಅವರು ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಈ ಗುರುವಾರ ಊಟ ಐತೇನ್ರಿ?” ಅಂದರು.

ನಾನು ಚಹಾದ ಬಟ್ಟಲು ಎತ್ತಿಕೊಂಡೆ. ಅವರೇ ಮುಂದುವರಿಸಿದರು.

“ಅವತ್ತ ಒಳಗ ಕರದು ಹೇಳಿದ್ನಲ್ರಿ ಮ್ಯಾನೇಜರು. ನಿನ್ನ ಗೆಳೆಯಾ ಭಾಳ ಶಾಣ್ಯಾ, ಒಂದ ರೂಟ್ ಓಡೋರು ಇಬ್ಬರಿದ್ರ ಒಬ್ಬಾಂವ ದಂಡ ಅಂತ ಅಂವಾ ಹೇಳಿದ ಮ್ಯಾಲ ನನ್ನ ಕಣ್ಣು ತೆರೀತು, ಅಂದ. ನನ್ನ ಮಾತು ನನಗ ಗುರ್ತ ಸಿಗಂಗಿಲ್ಲೇನ್ರಿ ಸರ?”

“ಕಾರಲ್ಲಿ... ನೀವು ನನ್ನ ಕೇಳಿದ್ರಲ್ಲ...”

“ಗೊತ್ತಿತ್ರಿ. ಗೊತ್ತಿದ್ದ ಕೇಳಿದೆ. ನೀವು ಹೇಳ್ತೀರೇನು ಅಂತ.”

ಕ್ಷಮಿಸಿ ಅಂದೆ. ಅವರು ಕೈ ಬೀಸಿ ಅದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ನಾನು ಇವತ್ತಿಗೂ ಅರ್ಥ ಮಾಡಿಕೊಳ್ಳಲಾಗದ ಕೆಲಸ ಮಾಡಿದರು. ಮೇಜಿನ ಮೇಲಿದ್ದ ರಸೀದಿಯೊಂದನ್ನು ಎಳೆದುಕೊಂಡು, ಪೆನ್ನು ತೆಗೆದು, ಗೆರೆ ಹಾಕತೊಡಗಿದರು.

“ಹಿಡಿಯಾಂವ ಒಬ್ಬ ಎತ್ತರದಾಂವ ಅದಾನ, ಛಲೋ ಅದಾನ. ಮುಗಲಿಗೆ ಒಗದ್ರೂ ಹಿಡೀತಾನ. ಆದ್ರ ಎಸೆಯಾಂವ ಅವನ ಕಡೆ ತಿರುಗಿ ನೋಡಬೇಕಲ್ರಿ? ಅಷ್ಟ ಹೊತ್ತು ಅವನನ್ನ ಕಾಯೋರು ಇಲ್ಲ. ಅಭ್ಯಾಸದ ಮ್ಯಾಚ್ ಗೆದ್ದು ಕುಣ್ಯಾಕತ್ತಾರ, ಕುಣೀಲಿ. ಈ ವರ್ಷ ಒಂದು ಗೆದ್ರ ಪುಣ್ಯೇವ ಅಂತ ಹೇಳ್ರಿ.”

ರಸೀದಿ ಮಡಚಿ ನನ್ನ ಕೈಗೆ ಕೊಟ್ಟರು. ಬಾಗಿಲ ತನಕ ಬಂದು, ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನಗೆ ಹೇಳಿದರು:

“ಈ ಸಲ ನನ್ನ ಹೆಸರ ಹೇಳ್ರಿ.”

ಆ ವರ್ಷ ನಮ್ಮ ತಂಡ ಒಂದನ್ನೂ ಗೆಲ್ಲಲಿಲ್ಲ. ಇಡೀ ದೇಶ ನಕ್ಕಿತು. ಆದರೆ ಅದು ಆಮೇಲಿನ ಮಾತು. ಆ ಗುರುವಾರ ಮೇಜಿನಲ್ಲಿ ಇದ್ದವರು ನಾಲ್ಕೇ ಜನ. ಅಭ್ಯಾಸದ ಪಂದ್ಯಗಳ ಗೆಲುವಿನಿಂದ ಎಲ್ಲರ ಮುಖವೂ ಅರಳಿತ್ತು. ನಾನು ರಸೀದಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಗೆರೆಗಳ ಮೇಲೆ ಬೆರಳಿಟ್ಟು, ಅವರು ಹೇಳಿದ್ದನ್ನೆಲ್ಲ ಹೇಳಿದೆ. ಒಂದು ಗೆದ್ದರೆ ಪುಣ್ಯ ಅಂದೆ. ಮ್ಯಾನೇಜರ್ ಮುಂದಕ್ಕೆ ಬಾಗಿ ಗೆರೆಗಳನ್ನು ನೋಡಿದ. ಅವನ ಕಣ್ಣಲ್ಲಿ ಹಳೆಯ ಮೆಚ್ಚುಗೆ ಬಂತು.

“ಕೋಚ್ ವಾಪಸ್ ಬಂದ,” ಅಂದ.

“ಇದು ನನ್ನದಲ್ಲ,” ಅಂದೆ. “ಯಾವತ್ತೂ ನನ್ನದಾಗಿರಲಿಲ್ಲ. ಮುಂದಿನ ಸಾಲಿನ ಐದು ಜನರ ಮಾತು, ಒಂದೇ ರೂಟಿನ ಇಬ್ಬರ ಮಾತು, ಎಲ್ಲ ಅವರದು.” ಅವರ ಹೆಸರು ಹೇಳಿದೆ. ಪೂರ್ತಿ ಹೆಸರು, ಅಪ್ಪನ ಹೆಸರೂ ಸೇರಿಸಿ, ಸ್ಪಷ್ಟವಾಗಿ.

ಮ್ಯಾನೇಜರ್ ಹುಬ್ಬು ಗಂಟಿಕ್ಕಿದ.

“ಯಾರು?”

ಮತ್ತೆ ಹೇಳಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರು. ಪ್ರಿಂಟರಿನ ಪಕ್ಕ, ಕಂಬದ ಹಿಂದೆ. ಅವನು ನಿಜವಾಗಿಯೂ ಜ್ಞಾಪಿಸಿಕೊಳ್ಳಲು ಪ್ರಯತ್ನ ಪಟ್ಟ. ಉಳಿದವರ ಮುಖ ನೋಡಿದ. ಕೊನೆಗೆ ಹೊಳೆಯಿತು.

“ಓ, ಅವನಾ? ಆ ಮಾತೇ ಆಡದ ಮನುಷ್ಯ?”

ಪರಿಚಾರಿಕೆ ಬಂದು ನನ್ನ ಮುಂದೆ ಫ್ರೈಸ್ ಇಟ್ಟಳು. ಮೂವರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

“ಹೌದು,” ಅಂದೆ. “ಅವರೇ.”